ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ: ಎರಡು ಸಲ ಮಾಡಿಸಿದ ಮೇಲೆ

ಆರು ತಿಂಗಳಿಂದ ನನ್ನ ಹೊಟ್ಟೆ ಸರಿ ಇರಲಿಲ್ಲ. ನುಲಿತ, ಭೇದಿ, ಎರಡು ದಿನ ಆರಾಮ, ಮತ್ತೆ ಶುರು. ಕೊಲೊನೊಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಆಮೇಲೆ ನೋಡೋಣ, ಮೊದಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ ಅಂದರು ಡಾಕ್ಟರು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಕರುಳಿನಲ್ಲಿ ಉರಿಯೂತ ಇದೆಯಾ ಅಂತ ಮಲದಲ್ಲಿರುವ ಕ್ಯಾಲ್‌ಪ್ರೊಟೆಕ್ಟಿನ್ ಅನ್ನುವ ಪ್ರೋಟೀನ್ ಅಳೆದು ನೋಡುವ ಪರೀಕ್ಷೆ ಇದು. ಈಗ ಎರಡು ಸಲ ಮಾಡಿಸಿದ್ದೇನೆ, ಅದರ ಬಗ್ಗೆ ಸಾಕಷ್ಟು ಓದಿಕೊಂಡಿದ್ದೇನೆ. ಮಾಡಿಸಲೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಇದು. ಐದಕ್ಕೆ ನಾಲ್ಕು ಕೊಡುತ್ತೇನೆ. ಪರೀಕ್ಷೆ ನಿಜಕ್ಕೂ ಒಳ್ಳೆಯದು, ಆದರೆ ಅದು ಅಳೆಯುವ ಪ್ರೋಟೀನ್ ಏನು ಕೆಲಸ ಮಾಡುತ್ತದೆ ಅಂತ ತಿಳಿಯದೆ ರಿಪೋರ್ಟ್ ನೋಡಿದರೆ ಸುಮ್ನೆ ಹೆದರಿಕೆಯಾಗುತ್ತದೆ.

ಸ್ಯಾಂಪಲ್ ಕೊಡುವುದು ಸುಲಭ. ಮುಚ್ಚಳಕ್ಕೇ ಪುಟ್ಟ ಚಮಚ ಇರುವ ಡಬ್ಬಿ ಕೊಡುತ್ತಾರೆ, ಅದರಲ್ಲಿ ಸ್ವಲ್ಪ ತೆಗೆದು ತಿರುಗಿಸಿ ಮುಚ್ಚಿದರೆ ಆಯಿತು. ಉಪವಾಸ ಬೇಡ, ಸೂಜಿ ಇಲ್ಲ, ಹೊಟ್ಟೆ ಖಾಲಿ ಮಾಡಿಸುವ ಔಷಧಿಯೂ ಇಲ್ಲ. ಈ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದುಕೊಂಡಾಗ ಎಷ್ಟು ಗಟ್ಟಿಯಾಗುತ್ತದೆ ಅಂದರೆ ಕರುಳಿನ ಕಿಣ್ವಗಳಿಗೂ ಅದನ್ನು ಸುಲಭವಾಗಿ ಮುರಿಯಲು ಆಗುವುದಿಲ್ಲ. ಅದಕ್ಕೇ ಮಲದಲ್ಲಿ ಅದು ಅಳೆಯುವಷ್ಟು ಉಳಿದಿರುತ್ತದೆ.

ನಮ್ಮ ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳಿವೆ. ಸೋಂಕಾದ ಕಡೆಗೆ ಮೊದಲು ಓಡುವವು ಇವೇ. ಅವುಗಳ ಒಳದ್ರವದಲ್ಲಿರುವ ಪ್ರೋಟೀನಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕ್ಯಾಲ್‌ಪ್ರೊಟೆಕ್ಟಿನ್ನೇ! 1980ರಲ್ಲಿ ನಾರ್ವೆಯ ಸಂಶೋಧಕರು ಇದನ್ನು ಬಿಳಿ ಕಣಗಳಿಂದ ಬೇರ್ಪಡಿಸಿದರು. ಎಸ್100ಎ8, ಎಸ್100ಎ9 ಅನ್ನುವ ಎರಡು ಸಣ್ಣ ಪ್ರೋಟೀನ್‌ಗಳ ಜೋಡಿ ಇದು. ಒಂದೊಂದರಲ್ಲೂ ಕ್ಯಾಲ್ಸಿಯಂ ಹಿಡಿಯಲು ಎರಡೆರಡು ಜಾಗ. ಹೆಬ್ಬೆರಳು, ತೋರುಬೆರಳು ಚಾಚಿ ನಡುವೆ ಒಂದು ಕಾಳು ಹಿಡಿದ ಹಾಗೆ ಆ ಜಾಗದ ಆಕಾರ. ಹಾಗಾಗಿಯೇ ಅದಕ್ಕೆ ಇಎಫ್ ಹ್ಯಾಂಡ್ ಅಂತ ಹೆಸರು.

ಸುಮ್ಮನಿರುವ ಕಣದೊಳಗೆ ಕ್ಯಾಲ್ಸಿಯಂ ತೀರಾ ಕಡಿಮೆ, ಹೊರಗೆ ಅದರ ಸುಮಾರು 10,000 ಪಟ್ಟು ಇರುತ್ತದೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಒಳಗೆ ಕ್ಯಾಲ್ಸಿಯಂ ಏರುತ್ತದೆ, ಈ ಜೋಡಿ ಅದನ್ನು ಹಿಡಿದು ಆಕಾರ ಬದಲಿಸುತ್ತದೆ, ಬ್ಯಾಕ್ಟೀರಿಯಾ ಸುಡುವ ಆಕ್ಸಿಜನ್ ರಾಸಾಯನಿಕಗಳನ್ನು ತಯಾರಿಸುವ ಕಿಣ್ವವನ್ನು ಎಬ್ಬಿಸಲು ನೆರವಾಗುತ್ತದೆ. ಕಣ ಒಡೆದಾಗಲೋ ಕೆರಳಿದಾಗಲೋ ಪ್ರೋಟೀನ್ ಹೊರಗೆ ಬರುತ್ತದೆ. ಅಲ್ಲಿ ಸತು, ಮ್ಯಾಂಗನೀಸ್‌ಗಳನ್ನು ಕಸಿದುಕೊಂಡು ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತದೆ. ಜೊತೆಗೆ ಅಕ್ಕಪಕ್ಕದ ರಕ್ಷಣಾ ಕಣಗಳ ಮೇಲಿನ ಟಿಎಲ್‌ಆರ್4 ಅನ್ನುವ ಗ್ರಾಹಕವನ್ನು, ಅಂದರೆ ಸಂಕೇತ ಹಿಡಿಯುವ ಪ್ರೋಟೀನನ್ನು, ತಟ್ಟುತ್ತದೆ. ಅವು ಟಿಎನ್‌ಎಫ್‌ನಂಥ ಸಂಕೇತಗಳನ್ನು ಬಿಡುತ್ತವೆ, ಇನ್ನಷ್ಟು ನ್ಯೂಟ್ರೋಫಿಲ್‌ಗಳು ಬರುತ್ತವೆ, ಅವುಗಳ ಜೊತೆ ಇನ್ನಷ್ಟು ಕ್ಯಾಲ್‌ಪ್ರೊಟೆಕ್ಟಿನ್. ಉರಿಯೂತ ತಾನೇ ತಾನಾಗಿ ಬೆಳೆಯುವುದು ಹೀಗೆ.

ಇದಕ್ಕೆ ಬ್ರೇಕ್ ಕೂಡ ಕ್ಯಾಲ್ಸಿಯಮ್ಮೇ. ಹೊರಗಿನ ಜಾಸ್ತಿ ಕ್ಯಾಲ್ಸಿಯಂನಲ್ಲಿ ಎರಡು ಜೋಡಿಗಳು ಸೇರಿ ನಾಲ್ಕರ ಗುಂಪಾಗುತ್ತವೆ, ಆಗ ಟಿಎಲ್‌ಆರ್4ಗೆ ಅಂಟುವ ಭಾಗ ಒಳಗೆ ಮುಚ್ಚಿಹೋಗುತ್ತದೆ. ಉರಿ ಹುಟ್ಟಿದ ಜಾಗದಲ್ಲೇ ಉಳಿದು ಮೈಯೆಲ್ಲ ಹರಡದಿರಲು ಇದೂ ಒಂದು ಕಾರಣ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಈಗ ರಿಪೋರ್ಟಿಗೆ ಬರೋಣ. ಒಂದೇ ಸಾಲು ಇರುತ್ತದೆ. ದೊಡ್ಡವರಲ್ಲಿ ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸರಿ ಅನ್ನುತ್ತಾರೆ. ನನಗೆ 310 ಬಂತು. ಕೈಕಾಲು ತಣ್ಣಗಾಯಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ನೋವಿನ ಮಾತ್ರೆ ಏನಾದರೂ ತಗೋತಿದ್ದೀರಾ? ಮಂಡಿ ನೋವಿಗೆ ಮೂರು ವಾರದಿಂದ ಐಬುಪ್ರೊಫೇನ್ ನುಂಗುತ್ತಿದ್ದೆ! ಆ ಮಾತ್ರೆ ಕರುಳಿನ ಒಳಪದರವನ್ನು ಕೆರಳಿಸುತ್ತದೆ, ನ್ಯೂಟ್ರೋಫಿಲ್‌ಗಳು ಅಲ್ಲಿಗೂ ಬರುತ್ತವೆ, ಸಂಖ್ಯೆ ಏರುತ್ತದೆ. ಸ್ಯಾಂಪಲ್ ತೆಗೆದುಕೊಂಡ ಲ್ಯಾಬಿನಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ನನಗೆ ನಿಜವಾಗಿ ಬೇಜಾರಾದದ್ದು ಇದಕ್ಕೇ, ಒಂದು ಪ್ರಶ್ನೆ ಕೇಳಿದ್ದರೆ ಅಷ್ಟು ದಿನದ ಭಯ ತಪ್ಪುತ್ತಿತ್ತು ಅಲ್ವಾ?

ಮಾತ್ರೆ ನಿಲ್ಲಿಸಿ ಆರು ವಾರ ಬಿಟ್ಟು ಬೇರೆ ಲ್ಯಾಬಿನಲ್ಲಿ ಮಾಡಿಸಿದೆ. ಅಲ್ಲಿ ಮಾತ್ರೆ, ಜ್ವರ, ರಕ್ತ ಬೀಳುವುದು ಎಲ್ಲವನ್ನೂ ಕೇಳಿ ಬರೆದುಕೊಂಡರು. ಕೇಳಿದ್ದಕ್ಕೆ ಟೆಕ್ನಿಷಿಯನ್ ಒಬ್ಬರು ಪ್ಲೇಟ್ ತೋರಿಸಿದರು. ಸಣ್ಣ ಸಣ್ಣ ಗುಳಿಗಳು, ಕೆಲವು ಕಡು ಹಳದಿ, ಕೆಲವು ನೀರಿನಂತೆ ತಿಳಿ. ಹಳದಿ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ ಅಂತೆ. ನನ್ನ ಸಂಖ್ಯೆ 34. ಕಿಟ್ ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ, ಆದರೆ ಇಷ್ಟು ದೊಡ್ಡ ಇಳಿಕೆ ಬರೀ ಕಿಟ್‌ನಿಂದ ಆಗಲ್ಲ ಅಂದರು ಡಾಕ್ಟರು. ಕೊಲೊನೊಸ್ಕೋಪಿ ಸದ್ಯಕ್ಕೆ ಬೇಡ ಅಂತಾಯಿತು.

ಒಂದು ಅಂಕ ಕಡಿಮೆ ಕೊಟ್ಟದ್ದು ಯಾಕೆಂದರೆ, ಉರಿ ಇದೆ ಅಂತ ಈ ಪರೀಕ್ಷೆ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಸೋಂಕು, ಮಾತ್ರೆ, ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅನ್ನುವ ದೀರ್ಘಕಾಲದ ಕರುಳಿನ ಉರಿಯೂತದ ಕಾಯಿಲೆಗಳು, ಕರುಳಿನ ಕ್ಯಾನ್ಸರ್, ಯಾವುದರಲ್ಲೂ ಸಂಖ್ಯೆ ಏರಬಹುದು. ಪುಟ್ಟ ಮಕ್ಕಳಲ್ಲಿ ಆರೋಗ್ಯವಾಗಿದ್ದರೂ ಜಾಸ್ತಿ ಇರುತ್ತದೆ. ಮಲದಲ್ಲಿ ರಕ್ತ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಇದೊಂದನ್ನೇ ನಂಬಿ ಕೂರಬೇಡಿ, ಡಾಕ್ಟರನ್ನು ನೋಡಿ. ಕೊಲೈಟಿಸ್ ಇದೆ ಅಂತ ಈಗಾಗಲೇ ಗೊತ್ತಿರುವವರಿಗಂತೂ ಇದು ತುಂಬಾ ಉಪಯೋಗ. ಹೊಟ್ಟೆಗೆ ಗೊತ್ತಾಗುವ ಮೊದಲೇ ಸಂಖ್ಯೆ ಏರುವುದುಂಟು. ಅಂಥವರು ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ, ಮತ್ತು ಡಬ್ಬಿ ಕೊಡುವ ಮೊದಲು, ಅವರು ಕೇಳದಿದ್ದರೂ, ನುಂಗುತ್ತಿರುವ ಮಾತ್ರೆಗಳ ಹೆಸರು ಬರೆಸಿ.