ಜೋರ್ಕಿಯೋ ಯಾಶಿಕಾವೋ: ಕೊಪ್ಪಳದ ಬಿಸಿಲಿನಲ್ಲಿ ಎರಡು ಹಳೆಯ ಕ್ಯಾಮೆರಾಗಳು

ನನ್ನ ಜೋರ್ಕಿ ಕ್ಯಾಮೆರಾದ ಶಟರ್ ಪರದೆಗೆ ತೂತು ಬಿದ್ದದ್ದು ಪಾಲ್ಕಿಗುಂಡಿನ ಮೇಲೆ. ಅಶೋಕನ ಶಾಸನವಿರುವ ಆ ಗುಡ್ಡ ಹತ್ತಿ, ಎರಡು ಬಂಡೆಗಳ ತಲೆಯ ಮೇಲೆ ಕೊಡೆಯಂತೆ ಕುಳಿತ ಚಪ್ಪಡಿಯ ಚಿತ್ರ ತೆಗೆದೆ. ಅಡಿಯ ಕತ್ತಲನ್ನು ಹಿಡಿಯಲು ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ರಂಧ್ರ) ಪೂರ್ತಿ ತೆರೆದಿದ್ದೆ. ಆಮೇಲೆ ಲೆನ್ಸಿನ ಫೋಕಸನ್ನು ಅನಂತಕ್ಕೆ, ಅಂದರೆ ಅತಿ ದೂರಕ್ಕೆ ತಿರುಗಿಸಿ (ಅದೊಂದು ಅಭ್ಯಾಸ), ಕ್ಯಾಮೆರಾವನ್ನು ಮುಚ್ಚಳವಿಲ್ಲದೆ ಸೂರ್ಯನಿಗೆ ಮುಖ ಮಾಡಿ ಕಲ್ಲಿನ ಮೇಲಿಟ್ಟು, ನೆರಳಿನಲ್ಲಿ ಕುಳಿತು ಮಂಡಕ್ಕಿಯ ಪೊಟ್ಟಣ ಬಿಚ್ಚಿದೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ರೀಲು ತೊಳೆದು ಪ್ರಿಂಟ್ ಹಾಕಿಸಿದಾಗ, ಅಲ್ಲಿಂದ ಮುಂದಿನ ಚಿತ್ರಗಳಲ್ಲೆಲ್ಲ ಒಂದೇ ಮೂಲೆಯಲ್ಲಿ ಜೋಳದ ಕಾಳಿನಂಥ ಬಿಳಿ ಚುಕ್ಕೆ.

ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾ ಆಗಿದ್ದರೆ ನಡುವೆ ಕನ್ನಡಿ ಅಡ್ಡ ಇರುತ್ತಿತ್ತು. ನೋಡಲು ಬೇರೆಯೇ ಕಿಂಡಿಯಿರುವ ಇಂಥ ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಹಿಂದೆ ನೇರವಾಗಿ ಶಟರ್. ಜೋರ್ಕಿ-4ರಲ್ಲಿ ಅದು ರಬ್ಬರ್ ಲೇಪಿಸಿದ ಕಪ್ಪು ಬಟ್ಟೆ. ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ ತಯಾರಾದ ಈ ಕ್ಯಾಮೆರಾಗೆ ನಮ್ಮ ಏಪ್ರಿಲ್ ತಿಂಗಳ ಪರಿಚಯವಿರಲಿಲ್ಲ.

ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್‌ಗೆ ಈ ಭಯವಿಲ್ಲ. ಅದರ ಶಟರ್ ಲೋಹದ ಎಸಳುಗಳದು, ಇರುವುದು ಲೆನ್ಸಿನ ಒಳಗೇ. ಆದರೆ ಅದರ ಪ್ರಾಣ ಬ್ಯಾಟರಿಯಲ್ಲಿ. ಬಿಸಿಲಿಗೆ ಹೆದರುವ ಒಂದು, ಬ್ಯಾಟರಿಗೆ ಹೆದರುವ ಇನ್ನೊಂದು; ಒಂದು ವರ್ಷ ಎರಡನ್ನೂ ಹೆಗಲಿಗೆ ಹಾಕಿಕೊಂಡು ತಿರುಗಿದೆ.

ಯಾಶಿಕಾ ಸಿಕ್ಕಿದ್ದು ಗಂಗಾವತಿಯಲ್ಲಿ, ಸ್ಟುಡಿಯೋ ಮುಚ್ಚಿ ಕುಳಿತ ಅಪ್ಪನ ಗೆಳೆಯರೊಬ್ಬರ ಕಪಾಟಿನಿಂದ, 4,500 ರೂಪಾಯಿಗೆ. ಕಾಕಾ ಅದನ್ನು ಸುಮ್ಮನೆ ಕೈಗಿಡಲಿಲ್ಲ. "ತಮ್ಮಾ, ಮೊದಲು ಇದನ್ನು ಕಿವಿಯಿಂದ ನೋಡು" ಎಂದರು. ಒಂದು ಚಿತ್ರ ಕ್ಲಿಕ್ಕಿಸಿ, ರೀಲು ಮುಂದೂಡುವ ಸನ್ನೆ ಎಳೆದಾಗ ಒಳಗಿನಿಂದ 'ಕಟ್' ಎಂಬ ಸದ್ದು ಬರಬೇಕು. ಒಳಗೊಂದು ಪುಟ್ಟ ರಬ್ಬರ್ ತುಂಡಿದೆ. ವಯಸ್ಸಾದಂತೆ ಅದು ಕರಗಿ ಪುಡಿಯಾಗುತ್ತದೆ. ಆಗ ಸದ್ದೂ ನಿಲ್ಲುತ್ತದೆ, ಎಕ್ಸ್‌ಪೋಜರ್ (ರೀಲಿಗೆ ಬೀಳುವ ಬೆಳಕಿನ) ಲೆಕ್ಕವೂ ತಪ್ಪುತ್ತದೆ. ಹೊರಗಿನಿಂದ ಎಷ್ಟೇ ಹೊಳೆಯುತ್ತಿದ್ದರೂ ಸದ್ದಿಲ್ಲದ ಎಲೆಕ್ಟ್ರೋವನ್ನು ಕೊಳ್ಳಬೇಡಿ. ಜೊತೆಗೆ ಬ್ಯಾಟರಿ ಗೂಡಿನ ಮುಚ್ಚಳ ತಿರುಗಿಸಿ, ಹಸಿರು ಕಿಲುಬು ಇದೆಯೇ ನೋಡಿ. ಇದಕ್ಕೆಂದೇ ಇದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ನಾನು 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿಗೆ ರಟ್ಟಿನ ಕೊಳವೆ ಸುತ್ತಿ, ಉಳಿದ ಜಾಗಕ್ಕೆ ಬಾಲ್‌ಪೆನ್ನಿನ ಸ್ಪ್ರಿಂಗು ತುರುಕಿದ್ದೇನೆ. ಆ ಹೆಚ್ಚುವರಿ ವೋಲ್ಟೇಜನ್ನು ಕ್ಯಾಮೆರಾ ಸಹಿಸಿಕೊಳ್ಳುತ್ತದೆ.

ಜೋರ್ಕಿ ಕೊರಿಯರಿನಲ್ಲಿ ಬಂತು. ಜ್ಯೂಪಿಟರ್-8 ಲೆನ್ಸ್ ಸೇರಿ 9,000 ರೂಪಾಯಿ. "ಸುಸ್ಥಿತಿಯಲ್ಲಿದೆ" ಎಂದು ಬರೆದಿದ್ದ ಮಾರಾಟಗಾರ, ರೀಲು ಮುಂದೂಡುವ ಗುಂಡಿ ಸುತ್ತಿದ ನಂತರವೇ ಶಟರ್ ವೇಗದ ಚಕ್ರ ತಿರುಗಿಸಬೇಕೆಂಬುದನ್ನು ಮಾತ್ರ ಬರೆದಿರಲಿಲ್ಲ. ಗುಂಡಿ ಸುತ್ತದೆ ಚಕ್ರ ತಿರುಗಿಸಿದರೆ ಒಳಗಿನ ಹಲ್ಲುಗಳು ಹಾಳಾಗುತ್ತವೆ. ಮನೆಗೆ ಬಂದವರು "ಎಲ್ಲಿ, ಕೊಡಿ ನೋಡೋಣ" ಎಂದು ಕೈ ಚಾಚಿದರೆ ಯಾಶಿಕಾವನ್ನು ಕೊಡುತ್ತೇನೆ. ಜೋರ್ಕಿ ಕೊಳ್ಳುವವರು ಕತ್ತಲ ಕೋಣೆಯಲ್ಲಿ ಲೆನ್ಸ್ ಕಳಚಿ, ಹಿಂಬದಿಯ ಮುಚ್ಚಳ ತೆಗೆದು, ಪರದೆಯ ಹಿಂದೆ ಟಾರ್ಚ್ ಹಿಡಿದು ನೋಡಬೇಕು. ನಕ್ಷತ್ರಗಳು ಕಂಡರೆ ವಾಪಸು ಕಳಿಸಿ. ಲೆನ್ಸಿನ ಮೇಲೆ ಕೆತ್ತಿದ ಸಂಖ್ಯೆಯ ಮೊದಲೆರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ವರ್ಷ ಹೇಳುತ್ತವೆ; ನನ್ನದು 66ರಿಂದ ಶುರುವಾಗುತ್ತದೆ.

ಕನ್ನಡಕದವರಿಗೆ ಒಂದು ಮಾತು. ಜೋರ್ಕಿಯ ನೋಡುವ ಕಿಂಡಿಯ ಸುತ್ತ ಬರಿಯ ಲೋಹದ ಬಳೆ. ಎರಡನೇ ವಾರಕ್ಕೇ ನನ್ನ ಬಲಗಣ್ಣಿನ ಗಾಜಿನ ಮೇಲೆ ಅರ್ಧಚಂದ್ರದ ಗೀರು ಬಿತ್ತು. ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಅಂಟಿಸಿದೆ. ನ್ಯಾಯವಾಗಿ ಹೇಳಬೇಕೆಂದರೆ, ಅದರಲ್ಲಿ ಕಣ್ಣಿನ ನಂಬರಿಗೆ ಹೊಂದಿಸಿಕೊಳ್ಳುವ ಸನ್ನೆಯೂ ಇದೆ, ಕನ್ನಡಕ ತೆಗೆದೇ ನೋಡಬಹುದು; ಅದು ನನಗೆ ಗೊತ್ತಾದದ್ದು ಗೀರು ಬಿದ್ದ ಮೇಲೆ. ಯಾಶಿಕಾದ ಕಿಂಡಿ ಇನ್ನೂ ಹಿತ. ಹತ್ತಿರದ್ದನ್ನು ಫೋಕಸ್ ಮಾಡಿದಂತೆ ಚೌಕಟ್ಟಿನ ಗೆರೆ ತಾನೇ ಸರಿದು ಕೊಡುತ್ತದೆ, ಮುಖದ ನೆತ್ತಿ ಕತ್ತರಿಸಿ ಹೋಗುವುದಿಲ್ಲ.

ನಿಜವಾದ ಪರೀಕ್ಷೆ ನಡೆದದ್ದು ಕಿನ್ನಾಳದಲ್ಲಿ. ಗೊಂಬೆ ಮಾಡುವ ಮನೆಯೊಂದರ ಪಡಸಾಲೆ, ಒಂದೇ ಕಿಟಕಿ, ಹುಣಸೆ ಬೀಜದ ಅಂಟಿನ ವಾಸನೆ. ಯಜಮಾನರು ಗರುಡನ ಮೂಗಿಗೆ ಬಣ್ಣ ಹಚ್ಚುತ್ತಿದ್ದರು. ಯಾಶಿಕಾದಲ್ಲಿ ಆರು ಚಿತ್ರ ತೆಗೆದೆ, ಅವರು ತಲೆ ಎತ್ತಲಿಲ್ಲ. ಅದರ ಸದ್ದು ಚಿಟಿಕೆ ಹೊಡೆದಷ್ಟೂ ಇಲ್ಲ. ಹಳದಿ ದೀಪ ಹೊತ್ತಿ 'ಕೈ ನಡುಗೀತು' ಎಂದು ಎಚ್ಚರಿಸಿತು, ಅಷ್ಟೆ. ಜೋರ್ಕಿಯಲ್ಲಿ ಒಂದು ತೆಗೆದೆ. 'ಠಪ್' ಎಂದಿತು. ಅವರು ಕುಂಚ ಕೆಳಗಿಟ್ಟು, "ಮುಗಿಯಿತೇ ಸರ್?" ಎಂದು ಕೇಳಿ ಅಂಗಿಯ ಗುಂಡಿ ಹಾಕಿಕೊಂಡರು.

ಆದರೆ ಆ ಒಂದು ಚಿತ್ರವೇ ಈಗ ನನ್ನ ಗೋಡೆಯ ಮೇಲಿದೆ. ಜ್ಯೂಪಿಟರ್-8 ಎರಡನೇ ಮಹಾಯುದ್ಧಕ್ಕೂ ಮುಂಚಿನ ಜರ್ಮನಿಯ ಜೈಸ್ ಸೊನ್ನಾರ್ ಲೆನ್ಸ್ ವಿನ್ಯಾಸದ ರಷ್ಯನ್ ಮರಿ. ಅಪರ್ಚರ್ ಪೂರ್ತಿ ತೆರೆದ ಎಫ್ 2ರಲ್ಲಿ ಕಣ್ಣಿನ ರೆಪ್ಪೆ ಚೂಪಾಗಿಯೂ ಕಿವಿ ಆಗಲೇ ಬೆಣ್ಣೆಯಂತೆಯೂ ಕಾಣುತ್ತದೆ. ಯಾಶಿಕಾದ 45 ಎಂಎಂ ಎಫ್ 1.7 ಲೆನ್ಸ್ ಮೂಲೆಮೂಲೆಯ ಲೆಕ್ಕ ಒಪ್ಪಿಸುತ್ತದೆ, ಒಳ್ಳೆಯ ಗುಮಾಸ್ತನ ಹಾಗೆ. ಬರಿಯ ಲೆನ್ಸಿನ ಮಾತಾದರೆ ನನ್ನ ಮತ ರಷ್ಯನ್ನಿಗೆ.

ಆನೆಗೊಂದಿಯಲ್ಲಿ ಹರಿಗೋಲು ಹತ್ತುವ ಹೊತ್ತಿಗೆ ಯಾಶಿಕಾದ ಬ್ಯಾಟರಿ ಸತ್ತಿತು. ಹಿಂಬದಿಯ ಗುಂಡಿ ಒತ್ತಿದರೆ ಹಸಿರು ದೀಪವಿಲ್ಲ, ರೀಲಿನಲ್ಲಿ ಇನ್ನೂ ಹನ್ನೊಂದು ಚಿತ್ರ ಬಾಕಿ. ಬ್ಯಾಟರಿಯಿಲ್ಲದ ಎಲೆಕ್ಟ್ರೋ ಒಂದೇ ವೇಗದಲ್ಲಿ ತೆರೆದು ಮುಚ್ಚುತ್ತದೆ: ಸೆಕೆಂಡಿನ 500ನೇ ಒಂದು ಭಾಗ. ಒಳಗಿದ್ದದ್ದು 400ರ (ಬೆಳಕನ್ನು ಗ್ರಹಿಸುವ ಶಕ್ತಿಯ ಸಂಖ್ಯೆ) ರೀಲು, ತಲೆಯ ಮೇಲೆ ತುಂಗಭದ್ರೆಯ ನಡುಹಗಲು. ಬಿಸಿಲಿನಲ್ಲಿ ರೀಲಿನ ಸಂಖ್ಯೆಯೇ ವೇಗ, ಅಪರ್ಚರ್ 16 ಎಂಬ ಹಳೆಯ ಸ್ಟುಡಿಯೋ ಲೆಕ್ಕಕ್ಕೆ ಇದು ಹೆಚ್ಚು ಕಡಿಮೆ ಸರಿಹೊಂದಿತು. ಹನ್ನೊಂದಕ್ಕೆ ಹನ್ನೊಂದೂ ಬಂದವು. ಜೋರ್ಕಿಯನ್ನು ಸುಟ್ಟ ಬಿಸಿಲೇ ಯಾಶಿಕಾವನ್ನು ದಡ ಮುಟ್ಟಿಸಿತು.

ಗೆಳೆಯನೊಬ್ಬನ ಕ್ಯಾನೊನೆಟ್ ಕ್ಯೂಎಲ್17 ಜಿ-3 ರೇಂಜ್‌ಫೈಂಡರ್ ಕೂಡ ಎರಡು ರೀಲಿನ ಮಟ್ಟಿಗೆ ನನ್ನ ಬಳಿಯಿತ್ತು. ಚಿಕ್ಕದು, ಜಾಣ, ಬ್ಯಾಟರಿ ಹೋದರೂ ವೇಗ ಮತ್ತು ಅಪರ್ಚರನ್ನು ಕೈಯಿಂದಲೇ ಕೂರಿಸಿ ಕೆಲಸ ನಡೆಸಬಹುದು. ಬೆಳಕು ಅಳೆಯುವ ಮೀಟರ್‌ಗೆ ಕಿವಿಯ ಯಂತ್ರದ 675 ಬ್ಯಾಟರಿ ಹಾಕಿದರೆ ಸಾಕು. ತಲೆಯಿಂದ ಆರಿಸುವುದಾದರೆ ಅದೇ ಸರಿಯಾದ ಆಯ್ಕೆ. ಅವನು ಮಾರಲು ಒಪ್ಪಲಿಲ್ಲ, ಆ ಮಾತು ಅಲ್ಲಿಗೆ ಬಿಟ್ಟೆ.

ಎರಡಕ್ಕೂ ಸಮನಾದ ಕಷ್ಟ ರೀಲು ತೊಳೆಯುವುದು. ಡೆವಲಪರ್ ಎಂಬ ರಾಸಾಯನಿಕಕ್ಕೆ 20 ಡಿಗ್ರಿ ಬೇಕು. ಮೇ ತಿಂಗಳಲ್ಲಿ ನಮ್ಮ ನಲ್ಲಿಯ ನೀರಿನಲ್ಲಿ ನೇರವಾಗಿ ಸ್ನಾನ ಮಾಡಬಹುದು. ಮಡಕೆಯ ನೀರು, ಬಕೆಟ್ಟಿನಲ್ಲಿ ಎರಡು ತಟ್ಟೆ ಮಂಜುಗಡ್ಡೆ, ನಡುವೆ ಡಬ್ಬಿ. ಮನೆಯವಳ ಮುಖವನ್ನು ಆಗ ನೋಡದಿರುವುದು ಲೇಸು.

ಮೊದಲ ಬಾರಿ ರೇಂಜ್‌ಫೈಂಡರ್ ಕೊಳ್ಳುವವರು 'ಕಟ್' ಎನ್ನುವ ಯಾಶಿಕಾ ತೆಗೆದುಕೊಳ್ಳಿ. ನಾನಂತೂ ಜೋರ್ಕಿಯನ್ನು ಮಾರಲಿಲ್ಲ. ತೂತಿಗೆ ಟೈಲರಿಂಗ್ ಸಾಮಾನಿನ ಅಂಗಡಿಯಿಂದ ಕಪ್ಪು ಫ್ಯಾಬ್ರಿಕ್ ಪೇಂಟ್ ತಂದು, ಬೆಂಕಿಕಡ್ಡಿಯ ತುದಿಯಿಂದ ತೆಳ್ಳಗೆ ಎರಡು ಸಲ ಹಚ್ಚಿ ಒಂದು ರಾತ್ರಿ ಒಣಗಲು ಬಿಟ್ಟೆ. ಬುದ್ಧಿ ಬಂದು ಲೆನ್ಸಿನ ಮುಚ್ಚಳವನ್ನು ದಾರದಿಂದ ಕ್ಯಾಮೆರಾಗೇ ಕಟ್ಟಿದೆ. ಮರುದಿನ ಗವಿಮಠದ ಬೆಟ್ಟದ ಮೇಲೆ ಏಳು ಚಿತ್ರ ತೆಗೆದ ಮೇಲೆ ಮುಚ್ಚಳ ಇನ್ನೂ ಲೆನ್ಸಿನ ಮೇಲೇ ಇರುವುದು ಕಂಡಿತು. ಕಿಂಡಿ ಬೇರೆ, ಲೆನ್ಸು ಬೇರೆ. ಕಣ್ಣಿಗೆ ಊರೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು.