ತೋಟದ ಮನೆ ಸೋಲಾರ್, ನಾಲ್ಕು ಮಳೆಗಾಲ ಆದ ಮೇಲೆ

ನಮ್ಮದು ತೀರ್ಥಹಳ್ಳಿ, ಆಗುಂಬೆ ನಡುವೆ ತೋಟದೊಳಗಿನ ಹಂಚಿನ ಮನೆ. ಆರಿದ್ರಾ ಮಳೆ ಹಿಡಿಯಿತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ಮೂರ್ನಾಲ್ಕು ದಿನ ಕರೆಂಟ್ ಇರುವುದಿಲ್ಲ. ಅದಕ್ಕೇ 165 ವ್ಯಾಟ್‌ನ ಎರಡು ಪ್ಯಾನೆಲ್, 150 ಎಎಚ್ ಟ್ಯೂಬುಲರ್ ಬ್ಯಾಟರಿ, ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿ ತುಂಬಿಸುವ 30 ಆಂಪ್‌ನ ಎಂಪಿಪಿಟಿ ಕಂಟ್ರೋಲರ್ ಇರುವ ಕಿಟ್ ಹಾಕಿಸಿದೆವು. ಲೈಟು, ವೈಫೈ, ಮೊಬೈಲ್ ಚಾರ್ಜು, ಅಮ್ಮನ ರೂಮಿನ ಡಿಸಿ ಫ್ಯಾನು, ಇಷ್ಟಕ್ಕೆ ಧಾರಾಳ ಸಾಕು. ಜುಲೈನಲ್ಲಿ ಬಿಸಿಲೇ ಕಾಣದ ವಾರ ಮಾತ್ರ ಫ್ಯಾನ್ ಹಾಕುವುದಿಲ್ಲ. ಸಾಮಾನಿನ ಬಗ್ಗೆ ದೂರಿಲ್ಲ. ದೂರು ಇರುವುದು ಫಿಟ್ಟಿಂಗ್ ಬಗ್ಗೆ.

ಬ್ಯಾಟರಿಯಿಂದ ಕಂಟ್ರೋಲರ್‌ಗೆ ಎಳೆದ ವೈರಿಗೆ ಫ್ಯೂಸೇ ಇರಲಿಲ್ಲ. ಕೇಳಿದ್ದಕ್ಕೆ ಫಿಟ್ಟಿಂಗ್‌ಗೆ ಬಂದವರು "12 ವೋಲ್ಟ್ ಅಲ್ವಾ ಮಾರಾಯ್ರೆ, ಏನೂ ಆಗಲ್ಲ" ಅಂದರು. ಎರಡನೇ ವರ್ಷ ಅಟ್ಟದ ಇಲಿ ಆ ವೈರ್ ಕಡಿಯಿತು. ಪ್ಲಸ್ಸು ಮೈನಸ್ಸು ತಾಗಿ, ನೋಡುನೋಡುತ್ತಲೇ ಕೆಂಪು ಸಿಪ್ಪೆ ಕರಗಿ ನೆಲಕ್ಕೆ ತೊಟ್ಟಿಕ್ಕಿತು. ವೈರ್ ಸುಟ್ಟು ತುಂಡಾದ ಮೇಲೇ ನಿಂತದ್ದು. ಒಂದು ಮಾರು ದೂರದಲ್ಲಿ ಒಣಗಿದ ಅಡಿಕೆಯ ಚೀಲಗಳಿದ್ದವು. ಗೋಡೆ ಮೇಲೆ ಗೇಣುದ್ದದ ಕಪ್ಪು ಗೆರೆ, ಸುಣ್ಣ ಹೊಡೆದರೂ ಇನ್ನೂ ಕಾಣುತ್ತದೆ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ಇಂಥ ಬ್ಯಾಟರಿ ಒಂದೇ ಏಟಿಗೆ ಸಾವಿರ ಆಂಪ್ ದಾಟಿ ಬಿಡಬಲ್ಲದು. ಈಗ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಗೇಣು ದೂರದೊಳಗೇ ಬೋಲ್ಟ್ ಹಾಕಿ ಬಿಗಿಯುವ 40 ಆಂಪ್ ಡಿಸಿ ಫ್ಯೂಸ್ ಇದೆ, ಅಲ್ಲಿಂದ ಮುಂದೆ 10 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದೂ ಪೈಪಿನೊಳಗೆ. ಫ್ಯೂಸ್ ದೂರ ಹಾಕಿದರೆ ಅದಕ್ಕೂ ಬ್ಯಾಟರಿಗೂ ನಡುವಿನ ವೈರನ್ನು ಕಾಯುವವರೇ ಇಲ್ಲ. ವೈರ್ ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೂ ಅಷ್ಟೇ.

ಪ್ಯಾನೆಲ್ ಲೈನಿಗೆ ಮನೆಯ ಮಾಮೂಲಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಕೊಟ್ಟಿದ್ದರು. ಅದನ್ನೂ ತೆಗೆಸಿದೆ. ಲೈನಿನಲ್ಲಿ ಬರುವ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಹಾಗಾಗಿ ಆಫ್ ಮಾಡಿದಾಗ ಕಿಡಿ ಬೇಗ ಆರುತ್ತದೆ. ಪ್ಯಾನೆಲ್, ಬ್ಯಾಟರಿಯ ಡಿಸಿ ಹಾಗಲ್ಲ, ಕಿಡಿ ಹಿಡಿದುಕೊಂಡೇ ಇರಬಹುದು. ಡಿಸಿ ವೋಲ್ಟೇಜ್ ಬರೆದಿರುವ ಎರಡು ಪೋಲ್‌ನ ಎಂಸಿಬಿಯೇ ಬೇಕು. ಅದರ ಮೇಲೆ ಪ್ಲಸ್ ಮೈನಸ್ ಗುರುತು ಇದ್ದರೆ ತಿರುಗುಮುರುಗು ಮಾಡಬೇಡಿ.

ಇನ್ನೊಂದು. ಅಡಿಕೆ ಮರದ ನೆರಳು ತಪ್ಪಿಸಲು ಪ್ಯಾನೆಲ್‌ಗಳನ್ನು ಅಂಗಳದಾಚೆ, 15 ಮೀಟರ್ ದೂರ ಇಟ್ಟಿದ್ದೇವೆ. ಮೊದಲು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು) ಕೊಟ್ಟಿದ್ದರು, 4 ಸ್ಕ್ವೇರ್ ಎಂಎಂ ಕೇಬಲ್‌ನಲ್ಲಿ 18 ಆಂಪ್ ಹೋಗಿಬರುವಾಗ 18 ವೋಲ್ಟ್‌ನಲ್ಲಿ ಎರಡೂವರೆ ವೋಲ್ಟ್ ದಾರಿಯಲ್ಲೇ ಸುಮ್ನೆ ಹಾಳು. ಸೀರೀಸ್ (ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ) ಮಾಡಿದ ಮೇಲೆ ಕರೆಂಟು ಅರ್ಧಕ್ಕಿಳಿದು, 36 ವೋಲ್ಟ್‌ನಲ್ಲಿ ಹೋಗುವುದು ಒಂದೂಕಾಲು ವೋಲ್ಟ್ ಅಷ್ಟೇ. ನಿಮ್ಮ ಕಂಟ್ರೋಲರ್ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ನೋಡಿಕೊಂಡೇ ಇದನ್ನು ಮಾಡಿ.

ಕೃತ್ತಿಕಾ ಮಳೆಯ ಗುಡುಗು ಸಿಡಿಲು ನಮ್ಮ ಕಡೆ ಜೋರು. ಎಸ್‌ಪಿಡಿ (ಸಿಡಿಲಿನಿಂದ ಲೈನಿಗೆ ನುಗ್ಗುವ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿಸಿ ಬೇರೆ ಅರ್ಥಿಂಗ್ ಕೊಟ್ಟೆವು. ಹೋದ ವರ್ಷ ಗುಡ್ಡದ ಮರಕ್ಕೆ ಸಿಡಿಲು ಬಡಿದ ಮಾರನೇ ದಿನ ನೋಡಿದರೆ ಎಸ್‌ಪಿಡಿಯ ಹಸಿರು ಕಿಂಡಿ ಕೆಂಪಾಗಿತ್ತು, ಕಂಟ್ರೋಲರ್ ಉಳಿದಿತ್ತು. ನೇರ ಹೊಡೆದರೆ ಅದೂ ತಡೆಯುವುದಿಲ್ಲ, ಹಾಗಾಗಿ ಮೋಡ ಕಪ್ಪಾದರೆ ಅಮ್ಮನೇ ಹೋಗಿ ಪ್ಯಾನೆಲ್ ಎಂಸಿಬಿ ಇಳಿಸಿ ಬರುತ್ತಾರೆ.

ಪ್ಯಾನೆಲ್, ಬ್ಯಾಟರಿಗೆ ಐದಕ್ಕೆ ಐದು. ಫಿಟ್ಟಿಂಗ್‌ಗೆ ಒಂದು.