ಸ್ತನ ಉಳಿಸುವ ಶಸ್ತ್ರಚಿಕಿತ್ಸೆ: ಅಕ್ಕನ ಜೊತೆಗಿದ್ದು ಕಂಡದ್ದು

ಅಕ್ಕನ ಎಡಸ್ತನದಲ್ಲಿ ಎರಡು ಸೆಂಟಿಮೀಟರ್‌ಗಿಂತ ಚಿಕ್ಕದಾದ ಕ್ಯಾನ್ಸರ್ ಗಂಟು ಪತ್ತೆಯಾದಾಗ, ಗಂಟನ್ನೂ ಅದರ ಸುತ್ತಲಿನ ಒಂದಿಷ್ಟು ಅಂಗಾಂಶವನ್ನೂ ತೆಗೆಯುವ ಲಂಪೆಕ್ಟಮಿ ಸಾಕೆಂದು ಸರ್ಜನ್ ಹೇಳಿದ್ದನ್ನು ನಂಬಲು ಅಮ್ಮ ಸಿದ್ಧರಿರಲಿಲ್ಲ. 1980ರ ದಶಕದಲ್ಲಿ ಇದೇ ಕಾಯಿಲೆಗೆ ಅವರ ಇಡೀ ಸ್ತನವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಲಾಗಿತ್ತು. ಆ ಗ್ರಂಥಿಗಳಿಲ್ಲದ್ದರಿಂದ ಅಂದಿನಿಂದ ಬಾತುಕೊಂಡೇ ಇರುವ ಆ ಬದಿಯ ಕೈಗೆ ಇವತ್ತಿಗೂ ಅಂಗಿಯ ತೋಳನ್ನು ಬೇರೆ ಅಳತೆಯಲ್ಲಿ ಹೊಲಿಸಬೇಕು.

19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ರೂಢಿಗೆ ತಂದ, ಎದೆಯ ಸ್ನಾಯುಗಳನ್ನೂ ಬಿಡದೆ ತೆಗೆಯುವ ಪದ್ಧತಿಯ ಹಿಂದೆ ಹೆಚ್ಚು ಕೊಯ್ದಷ್ಟೂ ರೋಗ ದೂರ ಎಂಬ ನಂಬಿಕೆಯಿತ್ತು. ಅದನ್ನು ಅಲುಗಾಡಿಸಿದವರು ಇಬ್ಬರು ಸರ್ಜನ್‌ಗಳು, ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬೆರ್ಟೊ ವೆರೊನೇಸಿ. 2002ರಲ್ಲಿ ಪ್ರಕಟವಾದ ಅವರಿಬ್ಬರ ಪ್ರತ್ಯೇಕ ಅಧ್ಯಯನಗಳ 20 ವರ್ಷಗಳ ಫಲಿತಾಂಶಗಳ ಪ್ರಕಾರ, ಸ್ತನ ಉಳಿಸಿಕೊಂಡವರಿಗೂ ಕಳೆದುಕೊಂಡವರಿಗೂ ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಆದರೆ ಫಿಶರ್ ಅಧ್ಯಯನದಲ್ಲಿ ಲಂಪೆಕ್ಟಮಿಯ ಬಳಿಕ ವಿಕಿರಣ ಚಿಕಿತ್ಸೆ ಪಡೆಯದವರ ಪೈಕಿ ಶೇ 39.2ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿದ್ದರೆ, ಪಡೆದವರಲ್ಲಿ ಆ ಪ್ರಮಾಣ ಶೇ 14.3 ಇತ್ತು. ಹಾಗಾಗಿ ‘ಎರಡೇ ದಿನದಲ್ಲಿ ಮನೆಗೆ’ ಎಂದು ಆಸ್ಪತ್ರೆಯವರು ಹೇಳಿದ ಮಾತು ಅರ್ಧ ಸತ್ಯವಷ್ಟೆ. ಆಮೇಲಿನ ವಿಕಿರಣದ ವಾರಗಳನ್ನೂ ಈ ಶಸ್ತ್ರಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕಂಕುಳಿನ ಕೆಲಸ. ಸ್ತನಕ್ಕೆ ನೀಲಿ ಬಣ್ಣವನ್ನು ಚುಚ್ಚಿ, ಅದು ಮೊದಲು ಹರಿದು ಸೇರುವ, ಕ್ಯಾನ್ಸರ್ ಹರಡಿದರೂ ಮೊದಲು ತಲುಪುವ ಸೆಂಟಿನೆಲ್ (ಕಾವಲು) ಗ್ರಂಥಿಗಳನ್ನಷ್ಟೇ ಹುಡುಕಿ ತೆಗೆದು, ಅಕ್ಕ ಇನ್ನೂ ಮೇಜಿನ ಮೇಲಿರುವಾಗಲೇ ಪರೀಕ್ಷೆಗೆ ಕಳುಹಿಸಿದರು. ಸಿಕ್ಕ ಎರಡರಲ್ಲೂ ಕ್ಯಾನ್ಸರ್ ಇರಲಿಲ್ಲವಾದ್ದರಿಂದ ಉಳಿದವುಗಳ ಗೊಡವೆಗೆ ಹೋಗಲಿಲ್ಲ. 1990ರ ದಶಕದಲ್ಲಿ, ಮೊದಲು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ, ಬಳಿಕ ಸ್ತನಕ್ಕೆ ಬಳಕೆಗೆ ಬಂದ ಈ ವಿಧಾನ ಅಮ್ಮನ ಕಾಲದಲ್ಲಿ ಇರಲಿಲ್ಲ.

ದೂರೊಂದಿದೆ. ಆ ಬಣ್ಣ ಮೂತ್ರದಲ್ಲಿ ಹೋಗುತ್ತದೆಂದು ಯಾರೂ ಮೊದಲೇ ಹೇಳಿರಲಿಲ್ಲ. ನಡುರಾತ್ರಿ ಹಸಿರುನೀಲಿ ಮೂತ್ರ ಕಂಡು ಅಕ್ಕ ನಡುಗಿಹೋದಳು. ಕರೆಗಂಟೆ ಒತ್ತಿ ಬಹಳ ಹೊತ್ತಿನ ಮೇಲೆ ಬಂದ ನರ್ಸ್, ‘ಅದು ಹಾಗೇ ಆಗುತ್ತದೆ’ ಎಂದಷ್ಟೇ ಹೇಳಿ ಹೊರಟರು.

ಆರು ತಿಂಗಳ ತಪಾಸಣೆಯಲ್ಲಿ ಅಕ್ಕನ ಎರಡೂ ತೋಳುಗಳನ್ನು ಟೇಪಿನಿಂದ ಅಳೆದರು. ಅಳತೆ ಒಂದೇ ಇತ್ತು. ಪಕ್ಕದಲ್ಲಿದ್ದ ಅಮ್ಮ ಇನ್ನೊಮ್ಮೆ ಅಳೆಯುವಂತೆ ಕೇಳಿದರು.